ಅಂಕಣದ ಹೊರಗೆ ಕುಳಿತವರ ಲೆಕ್ಕ

ಆಟವಾಡುವ ಮಕ್ಕಳಿಗೆ ಮನಸ್ಸಿನ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆ ನಮ್ಮ ತುಮಕೂರಿನ ಕಾಲೇಜುಗಳಲ್ಲೂ ಇದೆ. ಅದು ಪೂರ್ತಿ ಸುಳ್ಳಲ್ಲ. ನಿಯಮಿತ ವ್ಯಾಯಾಮದಿಂದ ಖಿನ್ನತೆಯ ಲಕ್ಷಣಗಳು ತಗ್ಗುತ್ತವೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಆದರೂ ಕಾಲೇಜು ಕ್ರೀಡಾಪಟುಗಳನ್ನು ಸಹಪಾಠಿಗಳೊಂದಿಗೆ ಹೋಲಿಸಿದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವದರಲ್ಲಿ ಕ್ರೀಡಾಪಟುಗಳಲ್ಲಿ ಖಿನ್ನತೆ ಕಡಿಮೆ. ಕೆಲವದರಲ್ಲಿ ಇಬ್ಬರದೂ ಸರಿಸಮ. ಇವುಗಳಲ್ಲಿ ಬಹುಪಾಲು ನಡೆದದ್ದು ಅಮೆರಿಕದಲ್ಲಿ.

ನನ್ನನ್ನು ಕಾಡುವುದು ಬೇರೆ ಪ್ರಶ್ನೆ: ಸಮೀಕ್ಷೆಯ ದಿನ ಕ್ರೀಡಾಪಟು ಎಂದು ಯಾರನ್ನು ಎಣಿಸುತ್ತಾರೆ? ತಂಡದಲ್ಲಿ ಉಳಿದವರನ್ನು. ಬೇಸತ್ತು ಆಟ ಬಿಟ್ಟವನು, ಆಯ್ಕೆಯಾಗದೆ ಕುಗ್ಗಿದವಳು ಅಷ್ಟು ಹೊತ್ತಿಗೆ ‘ಇತರ ವಿದ್ಯಾರ್ಥಿಗಳ’ ಸಾಲಿಗೆ ಸೇರಿರುತ್ತಾರೆ. ಆಟ ಮನಸ್ಸನ್ನು ಗಟ್ಟಿ ಮಾಡಿತೋ, ಗಟ್ಟಿ ಮನಸ್ಸಿನವರು ಮಾತ್ರ ಆಟದಲ್ಲಿ ಉಳಿದರೋ ಎಂಬುದು ಒಂದೇ ಸಲದ ಸಮೀಕ್ಷೆಯಿಂದ ತಿಳಿಯದು.

ಅಳತೆಗೋಲಿನಲ್ಲೂ ತೊಡಕಿದೆ. ಖಿನ್ನತೆಯನ್ನು ಗುರುತಿಸಲು ಹೆಚ್ಚು ಬಳಕೆಯಲ್ಲಿರುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ ಕೇಳುತ್ತದೆ. ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರು ವಿಚಾರಿಸಬೇಕು. ನಿದ್ದೆ ಸರಿಯಿಲ್ಲವೇ, ಸುಸ್ತೇ, ಹಸಿವು ಏರುಪೇರಾಗಿದೆಯೇ ಎಂಬುವೂ ಅದರಲ್ಲಿವೆ. ಅತಿಯಾದ ತಾಲೀಮಿನಿಂದ ಬಳಲಿದ ದೇಹವೂ ಇವಕ್ಕೆ ಹೌದೆನ್ನುತ್ತದೆ. ಅದು ಬರೀ ದಣಿವೋ, ದಣಿವಿನೊಳಗೆ ಅಡಗಿದ ಖಿನ್ನತೆಯೋ ಎಂದು ತಿಳಿಯಲು ಎದುರು ಕೂತು ಮಾತನಾಡಲೇಬೇಕು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಗಾಯದ್ದು. ಪಾವಗಡದಿಂದಲೋ ಮಧುಗಿರಿಯಿಂದಲೋ ಬಂದು ಹಾಸ್ಟೆಲ್‌ನಲ್ಲಿರುವ ಕಬಡ್ಡಿ ರೈಡರ್ ಒಬ್ಬನನ್ನು ಊಹಿಸಿಕೊಳ್ಳಿ. ಗಕ್ಕನೆ ತಿರುಗುವಾಗ ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿಯುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ಅಂಕಣಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಅಷ್ಟೂ ದಿನ ಬೆಳಗಿನ ಓಟವಿಲ್ಲ, ತಂಡದ ಜೊತೆ ಬಸ್ ಪ್ರಯಾಣವಿಲ್ಲ, ಕ್ರೀಡಾ ಕೋಟಾದ ಕೆಲಸದ ಆಸೆ ತೂಗುಯ್ಯಾಲೆಯಲ್ಲಿ. ಮನಸ್ಸನ್ನು ಕಾಯುತ್ತಿದ್ದ ವ್ಯಾಯಾಮ, ಗೆಳೆತನ ಎರಡೂ ಅವು ಅತ್ಯಂತ ಬೇಕಾದ ಹೊತ್ತಿಗೇ ಕೈತಪ್ಪುತ್ತವೆ. ‘ನಾನೊಬ್ಬ ಆಟಗಾರ’ ಎಂಬುದೇ ತನ್ನ ಇಡೀ ಗುರುತಾಗಿರುವವರಿಗೆ ಈ ಕಾಲ ಇನ್ನೂ ಕಠಿಣ ಎಂದು ಕ್ರೀಡಾ ಮನೋವಿಜ್ಞಾನಿಗಳು ಹೇಳುತ್ತಾರೆ.

ಇಷ್ಟಾದರೂ ಕ್ರೀಡಾಪಟುಗಳು ಬಾಯಿ ಬಿಡುವುದು ಕಡಿಮೆ. ದುರ್ಬಲನೆಂಬ ಹಣೆಪಟ್ಟಿಯ ಭಯ, ತಂಡದ ಜಾಗ ಹೋಗುವ ಭಯ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 2021ರಲ್ಲಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಮಾನಸಿಕ ಆರೋಗ್ಯದ ಕಾರಣ ಹೇಳಿ ಹಲವು ಸ್ಪರ್ಧೆಗಳಿಂದ ಹಿಂದೆ ಸರಿದಾಗ, ಅಂಥ ಚಾಂಪಿಯನ್ ಕೂಡ ಟೀಕೆ ಎದುರಿಸಬೇಕಾಯಿತು. ಇನ್ನು ಎರಡನೇ ವರ್ಷದ ಬಿ.ಎ. ಹುಡುಗ ಯಾರ ಬಳಿ ಹೇಳಿಕೊಂಡಾನು?

ಹಾಗಾಗಿ ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ನನ್ನ ಬೇಡಿಕೆ ಇಷ್ಟೇ: ಗಾಯಗೊಂಡವರನ್ನು ಅಭ್ಯಾಸಕ್ಕೆ ಕರೆಯಿರಿ, ಅಂಕ ಬರೆಯಲು, ಕಿರಿಯರಿಗೆ ಹೇಳಿಕೊಡಲು ಹಚ್ಚಿ. ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಕ್ರೀಡಾ ಕೊಠಡಿಯ ಗೋಡೆಗೆ ಅಂಟಿಸಿ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.