ಮೊಬೈಲ್ ವಿಕಿರಣ ಮೊಟ್ಟೆಯೊಳಗಿನ ಭ್ರೂಣವನ್ನು ಕೊಲ್ಲುತ್ತದೆಯೇ?

ಈ ಪ್ರಶ್ನೆ ಬಂದಾಗಲೆಲ್ಲ, ಎರಡು ಮೊಬೈಲ್‌ಗಳ ನಡುವೆ ಇಟ್ಟ ಮೊಟ್ಟೆ ಬೆಂದುಹೋಯಿತೆಂಬ ಕಥೆಯೂ ಸಾಕ್ಷಿಯೆಂಬಂತೆ ಜೊತೆಗೇ ಬರುತ್ತದೆ. ಎಷ್ಟು ಸಲ ಅಲ್ಲಗಳೆದರೂ ಅದು ಸಾಯುತ್ತಿಲ್ಲವಾದ್ದರಿಂದ, ಈ ಸಲ ಲೆಕ್ಕವನ್ನೇ ಮಾಡಿಬಿಡೋಣ.

2ಜಿ ಫೋನೊಂದು ಕರೆಯ ವೇಳೆ ಹೊರಸೂಸುವ ಸರಾಸರಿ ಶಕ್ತಿ ಹೆಚ್ಚೆಂದರೆ ಕಾಲು ವಾಟ್. 50 ಗ್ರಾಂ ಮೊಟ್ಟೆಯನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ, ಅದು ಗಟ್ಟಿಯಾಗುವ 70 ಡಿಗ್ರಿಗೆ ಏರಿಸಲು ಸುಮಾರು 7,000 ಜೂಲ್ ಬೇಕು. ಎರಡೂ ಫೋನ್‌ಗಳ ಶಕ್ತಿ ಚೂರೂ ಪೋಲಾಗದೆ ಮೊಟ್ಟೆಯನ್ನೇ ಸೇರಿದರೂ ಹೆಚ್ಚುಕಡಿಮೆ ನಾಲ್ಕು ಗಂಟೆ ಹಿಡಿಯುತ್ತದೆ. ಅದೂ ಮೊಟ್ಟೆ ಸುತ್ತಲಿನ ಗಾಳಿಗೆ ಶಾಖವನ್ನು ಬಿಟ್ಟುಕೊಡುವುದೇ ಇಲ್ಲವೆಂದುಕೊಂಡರೆ. ವಾಸ್ತವದಲ್ಲಿ ಕೆಲವೇ ಡಿಗ್ರಿ ಏರುವಷ್ಟರಲ್ಲಿ ಪಡೆದ ಶಾಖವೂ ಕಳೆದುಕೊಂಡ ಶಾಖವೂ ಸಮವಾಗಿ, ಏರಿಕೆ ಅಲ್ಲಿಗೇ ನಿಲ್ಲುತ್ತದೆ. ಮೇಲಾಗಿ ಫೋನ್‌ಗಳು ಮಾತಾಡುವುದು ಟವರ್‌ನೊಡನೆಯೇ ಹೊರತು ಪರಸ್ಪರ ಅಲ್ಲ. ಅವುಗಳ ನಡುವೆ ಮೊಟ್ಟೆಯನ್ನು ಸುಡುವ ಕಿರಣವೊಂದು ಹಾಯುವುದಿಲ್ಲ.

ಆದರೆ ಆ 'ಕೆಲವೇ ಡಿಗ್ರಿ'ಯನ್ನು ಹಗುರವಾಗಿ ಕಾಣುವಂತಿಲ್ಲ. ಕೋಳಿಯ ಭ್ರೂಣ ಸುಮಾರು 37.5 ಡಿಗ್ರಿಯಲ್ಲಿ 21 ದಿನ ಬೆಳೆಯಬೇಕು, ಮತ್ತು ಅದಕ್ಕಿಂತ ಎರಡು ಡಿಗ್ರಿ ಹೆಚ್ಚು ಶಾಖ ದೀರ್ಘಕಾಲ ಉಳಿದರೂ ಬೆಳವಣಿಗೆ ಕೆಡಬಹುದು. ಆದ್ದರಿಂದ ಇನ್‌ಕ್ಯುಬೇಟರ್‌ನಲ್ಲಿ ಫೋನ್ ಇಟ್ಟಾಗ ಭ್ರೂಣಗಳು ಸತ್ತವೆಂಬ ವರದಿ ಕಂಡರೆ ನಾನು ಮೊದಲು ನೋಡುವುದು, ಫೋನಿನ ಬ್ಯಾಟರಿ ಮತ್ತು ಸರ್ಕ್ಯೂಟ್‌ಗಳ ಬಿಸಿಯನ್ನು ಅಳೆದಿದ್ದಾರೆಯೇ, ಹೋಲಿಕೆಗೆಂದು ಇಟ್ಟ ಮೊಟ್ಟೆಗಳಿಗೂ ಅಷ್ಟೇ ಬಿಸಿ ಸಿಕ್ಕಿತ್ತೇ ಎಂಬುದನ್ನು. ಇದನ್ನು ಹೇಳದ ಪ್ರಯೋಗ ವಿಕಿರಣದ ಬಗ್ಗೆ ಏನನ್ನೂ ಸಾಬೀತುಪಡಿಸುವುದಿಲ್ಲ.

ಎಚ್ಚರಿಕೆಯಿಂದ ನಡೆದ ಪ್ರಯೋಗಗಳೂ ಇವೆ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳಿಗೆ ಗರ್ಭಾವಸ್ಥೆಯಿಂದಲೇ ದಿನಕ್ಕೆ ಒಂಬತ್ತು ಗಂಟೆ, ಇಡೀ ದೇಹಕ್ಕೆ, ದೇಹತೂಕದ ಪ್ರತಿ ಕಿಲೋಗೆ 6 ವಾಟ್‌ವರೆಗೆ ಮೊಬೈಲ್ ವಿಕಿರಣ ನೀಡಲಾಗಿತ್ತು. ಮರಿಗಳ ತೂಕ ಸ್ವಲ್ಪ ಕಡಿಮೆಯಾಯಿತು. ಸಾರ್ವಜನಿಕರ ಇಡೀ ದೇಹಕ್ಕೆ ಅಂತರರಾಷ್ಟ್ರೀಯ ಮಿತಿ ಕಿಲೋಗೆ 0.08 ವಾಟ್, ಅಂದರೆ ಆ ಪ್ರಮಾಣದ ಎಪ್ಪತ್ತೈದರಲ್ಲೊಂದು ಭಾಗ.

ಹಾಗಾದರೆ ಮನುಷ್ಯರ ಭ್ರೂಣದ ಗತಿಯೇನು? ಮೊಟ್ಟೆಗಿಲ್ಲದ ರಕ್ಷಣೆ ಅದಕ್ಕಿದೆ: ತಾಯಿಯ ಹೊಟ್ಟೆಯ ಅಂಗಾಂಶ ಅಲೆಗಳ ಬಹುಪಾಲನ್ನು ಹೀರಿಕೊಳ್ಳುತ್ತದೆ, ಅವಳ ರಕ್ತಪರಿಚಲನೆ ಶಾಖವನ್ನು ಹೊತ್ತೊಯ್ಯುತ್ತದೆ. ತಾಯಿಯೇ ಜ್ವರದಿಂದ ಬಿಸಿಯಾದಾಗ ಮಾತ್ರ ಈ ರಕ್ಷಣೆ ಉಳಿಯುವುದಿಲ್ಲ. ಗರ್ಭದ ಮೊದಲ ವಾರಗಳ ತೀವ್ರ ಜ್ವರಕ್ಕೂ ಮಗುವಿನ ನರನಾಳದ (ಮುಂದೆ ಮಿದುಳು, ಬೆನ್ನುಹುರಿಯಾಗಿ ಬೆಳೆಯುವ ಭಾಗ) ದೋಷಗಳಿಗೂ ನಂಟಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದರೂ ಅದರ ಬಗ್ಗೆ ಯಾರೂ ಪ್ರಶ್ನೆ ಕಳುಹಿಸುವುದಿಲ್ಲ.