ನಕ್ಷೆ ಬರೆದಾದ ಮೇಲೆ ಬರುವ ಕರೆ

ಹಳ್ಳಿಯ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರೇ. ಚರಂಡಿ ಎಲ್ಲಿ ಬೇಕು, ಮನೆ ಯಾರಿಗೆ ಮಂಜೂರಾಗಬೇಕು ಎಂದು ಎದ್ದು ನಿಂತು ಕೇಳಬಹುದು. ಅದೇ ಮತದಾರ ಬೆಂಗಳೂರಿಗೆ ಬಂದು ನೆಲೆಸಿದರೆ ಕೇಳುವ ಜಾಗವೇ ಸಿಗುವುದಿಲ್ಲ.

ಸಂವಿಧಾನ ಹೀಗಾಗಲಿ ಎಂದಿರಲಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದಿತು. ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದೇ ನಗರ ಯೋಜನೆ. ಆದರೆ ಬೆಂಗಳೂರಿನ ಮಹಾಯೋಜನೆ, ಅಂದರೆ ಊರಲ್ಲಿ ಎಲ್ಲಿ ಏನಿರಬೇಕೆಂದು ಹೇಳುವ ‘ಮಾಸ್ಟರ್ ಪ್ಲಾನ್’, ಆಮೇಲೂ 1976ರಲ್ಲಿ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಉಳಿಯಿತು. ಪಾಲಿಕೆಗೆ ಸಿಕ್ಕಿದ್ದು ಕಸ, ಗುಂಡಿ, ಬೀದಿದೀಪ.

ನಾಗರಿಕರ ಪಾಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿದೆ: ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಅಭಿಪ್ರಾಯ ಹೇಳಲು 60 ದಿನ. ಕಚೇರಿಯ ಭಾಷೆಯಲ್ಲಿ ಅದರ ಹೆಸರು ‘ಆಕ್ಷೇಪಣೆ’. ಊರು ಹೇಗಿರಬೇಕು ಎಂದು ಮೊದಲೇ ಕೇಳಿದ್ದರೆ ಜನ ಆಸೆಗಳನ್ನು ಹೇಳುತ್ತಿದ್ದರು. ಬಣ್ಣ ತುಂಬಿದ ನಕ್ಷೆಯನ್ನು ಮುಂದಿಟ್ಟು ಕೇಳಿದಾಗ ತಕರಾರು ಮಾತ್ರ ಉಳಿಯುತ್ತದೆ. 2031ರ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂದಾಗ ಸಾವಿರಾರು ಆಕ್ಷೇಪಣೆಗಳು ಬಂದವು. ಕೊನೆಗೆ ಆ ಕರಡೇ ಮೂಲೆಗೆ ಸರಿಯಿತು. 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆಂದು ಮಾಡಿದ ಯೋಜನೆಯೇ ಮುಂದುವರಿಯಿತು.

ಕೇಳದಿದ್ದಾಗ ಜನ ಬೀದಿಗಿಳಿದದ್ದೂ ಉಂಟು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆಗಾಗಿ ಎಂಟುನೂರಕ್ಕೂ ಹೆಚ್ಚು ಮರಗಳನ್ನು ಕಡಿಯಬೇಕಿತ್ತು. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಮಾನವ ಸರಪಳಿ ಕಟ್ಟಿ ‘ಬೇಡ’ ಎಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದು ದೊಡ್ಡ ಗೆಲುವು, ನಿಜ. ಆದರೆ ಪ್ರತಿ ಮೋರಿಗೂ ಸರಪಳಿ ಕಟ್ಟಲಾಗದು. ದಿನನಿತ್ಯದ ಮಾತಿಗೆ ವಾರ್ಡ್ ಸಮಿತಿಯೇ ಬೇಕು.

ಆ ಸಮಿತಿಯೂ ಸುಲಭವಾಗಿ ಬರಲಿಲ್ಲ. 2011ರಲ್ಲಿ ಕಾನೂನು ತಿದ್ದಿದರು, 2016ರಲ್ಲಿ ನಿಯಮ ಮಾಡಿದರು. ನಗರದ ಕಸ ವಿಲೇವಾರಿಯ ಪ್ರಕರಣದಲ್ಲಿ ಹೈಕೋರ್ಟ್ ಪಟ್ಟು ಹಿಡಿದ ಮೇಲಷ್ಟೇ 198 ವಾರ್ಡ್‌ಗಳಲ್ಲಿ ಸಮಿತಿಗಳು ಚಿಗುರಿದವು. ಕೆಲವೆಡೆ ತಿಂಗಳ ಸಭೆಗಳು ರೂಢಿಯಾಗುತ್ತಿದ್ದಂತೆಯೇ, 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಕಾರ್ಪೊರೇಟರ್ ಕುರ್ಚಿಯಲ್ಲಿ ಅಧಿಕಾರಿಗಳು ಕುಳಿತರು.

2025ರಲ್ಲಿ ಪಾಲಿಕೆ ಐದಾಯಿತು. ಅವುಗಳ ಮೇಲೆ ಮುಖ್ಯಮಂತ್ರಿಯ ಅಧ್ಯಕ್ಷತೆಯಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ವಾರ್ಡ್ ಸಮಿತಿಗಳಿಗೆ ಹೊಸ ಕಾನೂನಿನಲ್ಲೂ ಜಾಗವಿದೆ. ನಗರ ಯೋಜನೆಯ ಅಧಿಕಾರ ಮಾತ್ರ ಐದು ಪಾಲಿಕೆಗಳಿಗೆ ಇಳಿಯದೆ ಈ ಹೊಸ ಪ್ರಾಧಿಕಾರದಲ್ಲೇ ನಿಂತಿದೆ.