‘ಐ ವರ್ಕ್’ ಎನ್ನಬೇಕೋ, ‘ಐ ಆಮ್ ವರ್ಕಿಂಗ್’ ಎನ್ನಬೇಕೋ?

ಪ್ರಶ್ನೆ: ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ಆರು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಹೋದಾಗ ‘ಐ ಆಮ್ ವರ್ಕಿಂಗ್ ಇನ್ ಎ ಸಿಲ್ಕ್ ಯುನಿಟ್’ ಎಂದೆ. ‘ತಾತ್ಕಾಲಿಕ ಕೆಲಸವೇ?’ ಎಂದು ಕೇಳಿದರು. ನನ್ನ ವಾಕ್ಯದಲ್ಲಿ ತಪ್ಪೇನಿತ್ತು?

ಉತ್ತರ: ವ್ಯಾಕರಣದ ತಪ್ಪೇನೂ ಇರಲಿಲ್ಲ. ನೀವು ಹೇಳಲು ಹೊರಟದ್ದು ಒಂದು, ಅವರ ಕಿವಿಗೆ ಬಿದ್ದದ್ದು ಇನ್ನೊಂದು. ಕನ್ನಡದಲ್ಲಿ ‘ಕೆಲಸ ಮಾಡುತ್ತಿದ್ದೇನೆ’ ಎಂದರೆ ನಿನ್ನೆ ಸೇರಿದವರೂ ಆಗಬಹುದು, ನಿವೃತ್ತಿಯ ಅಂಚಿನಲ್ಲಿರುವವರೂ ಆಗಬಹುದು. ಇಂಗ್ಲಿಷಿನ ‘ಆಮ್ ವರ್ಕಿಂಗ್’ ಅಷ್ಟು ಉದಾರಿಯಲ್ಲ. ಅದು ‘ಸದ್ಯಕ್ಕೆ ಹೀಗೆ’ ಎಂಬ ವಾಸನೆಯನ್ನು ಹೊತ್ತು ಬರುತ್ತದೆ. ನೆಲೆಯೂರಿದ ಕೆಲಸಕ್ಕೆ ‘ಐ ವರ್ಕ್’ ಸಾಕು.

ನಿಮ್ಮ ಊರಿನ ಹುಳುವನ್ನೇ ತೆಗೆದುಕೊಳ್ಳಿ. ‘ಸಿಲ್ಕ್‌ವರ್ಮ್ಸ್ ಈಟ್ ಮಲ್ಬೆರಿ ಲೀವ್ಸ್’ ಎಂಬುದು ಆ ಜೀವದ ಸ್ವಭಾವವನ್ನು ಹೇಳುವ ಮಾತು. ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಕಳಚುವ ಮುನ್ನಿನ ನಿದ್ದೆಗೆ, ಕೂತ ಹುಳು ತಲೆಯೆತ್ತಿಕೊಂಡು ಸುಮ್ಮನಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆಗಲೂ ‘ಈಟ್’ ಸತ್ಯವೇ. ‘ಆರ್ ಈಟಿಂಗ್’ ಎಂದರೆ ಮಾತ್ರ ಸುಳ್ಳಾಗುತ್ತದೆ. ಜ್ವರದಿಂದ ಎದ್ದ ಹುಳುಗಳು ಸೊಪ್ಪಿಗೆ ಮುಗಿಬಿದ್ದು, ಮನೆಯೆಲ್ಲ ಜಿಟಿಜಿಟಿ ಮಳೆಯ ಸದ್ದು ತುಂಬಿದಾಗ ‘ದೆ ಆರ್ ಈಟಿಂಗ್’ ಎನ್ನಿ. ಮೊದಲನೆಯದು ಹುಳು ಎಂಥದ್ದು ಎಂದು ಹೇಳುತ್ತದೆ, ಎರಡನೆಯದು ಈ ಗಳಿಗೆಯಲ್ಲಿ ಏನು ನಡೆದಿದೆ ಎಂದು.

ಶಾಲೆಯಲ್ಲಿ ನಮಗೆ ಕಲಿಸಿದ್ದು ಬೇರೆ: ‘ನೌ’ ಕಂಡರೆ ‘ಇಂಗ್’ ಹಚ್ಚು, ‘ಎವ್ರಿಡೇ’ ಕಂಡರೆ ತೆಗೆ. ಪರೀಕ್ಷೆಯ ಬಿಟ್ಟ ಸ್ಥಳಕ್ಕೆ ಇದು ಒದಗೀತು, ಮಾತಿಗೆ ಒದಗದು. ‘ಐ ಲಿವ್ ಇನ್ ಚಿಂತಾಮಣಿ ನೌ’ ಶುದ್ಧ ಇಂಗ್ಲಿಷ್. ಮನೆಯವರು ಊರಿಗೆ ಹೋಗಿದ್ದಾರೆ ಎನ್ನಿ, ‘ಐ ಆಮ್ ಈಟಿಂಗ್ ಔಟ್ ಎವ್ರಿಡೇ ದಿಸ್ ವೀಕ್’ ಕೂಡ ಅಷ್ಟೇ ಶುದ್ಧ.

‘ಐ ಆಮ್ ನೋಯಿಂಗ್ ಹಿಮ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬ ವಾಕ್ಯಗಳಿಗೆ ಎಲ್ಲರೂ ಕನ್ನಡವನ್ನು ದೂರುತ್ತಾರೆ. ಇದು ಅನ್ಯಾಯ. ಕನ್ನಡದಲ್ಲಿ ನಾವು ‘ಬೇಕು’ ಎನ್ನುತ್ತೇವೆ, ‘ಬೇಕುತ್ತಿದೆ’ ಎನ್ನುತ್ತೇವೆಯೇ? ‘ಗೊತ್ತು’, ‘ಇಷ್ಟ’ ಕೂಡ ಹಾಗೆಯೇ, ‘ಉತ್ತಿದೆ’ಯನ್ನು ಹತ್ತಿರ ಸೇರಿಸುವುದಿಲ್ಲ. ‘ನನಗೆ ಇಬ್ಬರು ತಮ್ಮಂದಿರು ಇರುತ್ತಿದ್ದಾರೆ’ ಎಂದು ಯಾರೂ ಹೇಳಲಾರರು. ಇಲ್ಲಿ ನಿಮ್ಮ ಕನ್ನಡದ ಕಿವಿಯನ್ನೇ ನಂಬಿ: ನೋ, ವಾಂಟ್, ಲೈಕ್, ‘ಉಂಟು’ ಎಂಬರ್ಥದ ಹ್ಯಾವ್, ಇವುಗಳಿಗೆ ‘ಇಂಗ್’ ಬೇಡ. ಊಟ ಮಾಡುವ ‘ಹ್ಯಾವಿಂಗ್ ಲಂಚ್’ ಬೇರೆಯ ಮಾತು, ಅದು ಕ್ರಿಯೆ.

ಕನ್ನಡ ನಿಜವಾಗಿ ಕೈಕೊಡುವುದು ನಾಳೆಯ ವಿಷಯದಲ್ಲಿ. ‘ದಿನಾ ಹೋಗುತ್ತೇನೆ’, ‘ನಾಳೆ ಹೋಗುತ್ತೇನೆ’ ಎರಡಕ್ಕೂ ನಮ್ಮಲ್ಲಿ ಒಂದೇ ರೂಪ. ನಿಮ್ಮ ಕಡೆ ಮನೆಮಾತು ತೆಲುಗಾದವರಿಗೂ ಬಿಡುಗಡೆಯಿಲ್ಲ, ‘ವೆಳ್ತಾನು’ ಕೂಡ ಎರಡೂ ಕೆಲಸ ಮಾಡುತ್ತದೆ. ಹಾಗಾಗಿ ‘ಐ ಗೋ ಟು ಬ್ಯಾಂಗಲೋರ್ ಟುಮಾರೋ’ ಬಾಯಿಗೆ ಬಂದುಬಿಡುತ್ತದೆ. ಹೋಗುವುದು ಗೊತ್ತಾಗಿದ್ದರೆ ‘ಐ ಆಮ್ ಗೋಯಿಂಗ್’ ಎನ್ನಿ.

ಮುಂದಿನ ಸಂದರ್ಶನದಲ್ಲಿ ‘ಐ ವರ್ಕ್ ಇನ್ ಎ ಸಿಲ್ಕ್ ಯುನಿಟ್’ ಎಂದು ಶುರುಮಾಡಿ. ಆರು ವರ್ಷದ ಲೆಕ್ಕ ಕೊಡುವಾಗ ಈ ಎರಡು ರೂಪಗಳೂ ನಡೆಯುವುದಿಲ್ಲ, ‘ಐ ಹ್ಯಾವ್ ಬೀನ್ ವರ್ಕಿಂಗ್ ದೇರ್ ಫಾರ್ ಸಿಕ್ಸ್ ಇಯರ್ಸ್’ ಎನ್ನಬೇಕು. ಹೊರಡುವ ಬೆಳಿಗ್ಗೆ ಬಸ್ಸಿನ ಸಮಯ ಯಾರಾದರೂ ಕೇಳಿದರೆ ‘ಇಟ್ ಲೀವ್ಸ್ ಅಟ್ ಸಿಕ್ಸ್’ ಎನ್ನಿ, ವೇಳಾಪಟ್ಟಿಗೆ ‘ಇಂಗ್’ ಬೇಕಿಲ್ಲ. ಆರೂವರೆಯಾದರೂ ಬಸ್ಸು ನಿಲ್ದಾಣದಲ್ಲೇ ನಿಂತಿದ್ದರೆ ಆ ವಾಕ್ಯಕ್ಕೇನೂ ಕುಂದಿಲ್ಲ, ಜ್ವರಕ್ಕೆ ಕೂತಿದೆ ಎಂದುಕೊಳ್ಳಿ.